ಜಡ್ಜಮ್ಮನ ಮನೆಗೆ ಬಂದ ಫೋನು

ಪಿಜ್ಜಾ ಬಂದಾಗ ಎಮಿಲ್ ಬೋಶಾಂ ಅಡುಗೆಮನೆಯಲ್ಲಿ ಮೀನಿನ ಮುಳ್ಳು ಬಿಡಿಸುತ್ತಿದ್ದ. ಕೈ ಒರೆಸಿಕೊಂಡು ಹೋಗಿ ಬಾಗಿಲು ತೆರೆದರೆ, ಉಣ್ಣೆಯ ಟೋಪಿ ಹಾಕಿದ್ದ ಹೆಂಗಸೊಬ್ಬಳು ಎರಡು ಡಬ್ಬಿ ಹಿಡಿದು ನಿಂತಿದ್ದಳು. ಜಡ್ಜ್ ಬೋಶಾಂ ಅವರ ಮನೆ ಇದೇ ತಾನೆ ಎಂದು ಕೇಳಿದಳು. ತಾವು ಏನೂ ತರಿಸಿಲ್ಲ ಎಂದು ಎಮಿಲ್ ಹೇಳಿದ. ದುಡ್ಡು ಆಗಲೇ ಕಟ್ಟಿದ್ದಾರೆ, ವಿಳಾಸವೂ ಇದೇ, ನನ್ನ ಕೆಲಸ ತಲುಪಿಸುವುದಷ್ಟೆ ಎಂದು ಅವಳು ಡಬ್ಬಿಗಳನ್ನು ಅವನ ಕೈಗಿಟ್ಟು ಹೊರಟುಹೋದಳು. ಅಷ್ಟರಲ್ಲಿ ಅವನ ಅತ್ತೆ ಲೆಂಪಿ ಕೋಲೂರಿಕೊಂಡು ಬಂದಳು. ಅವಳಿಗೆ ಎಂಬತ್ತಾರು ವರ್ಷ. ಬಿಸಿಬಿಸಿಯಾಗಿ ಬಾಗಿಲಿಗೆ ಬಂದ ಊಟವನ್ನು ಬೇಡವೆನ್ನುವುದು ಅವಳ ಜಾಯಮಾನವಲ್ಲ. ತಟ್ಟೆ ಇಡು ಎಂದಳು.

ತಟ್ಟೆ ಇಡುವ ಹೊತ್ತಿಗೆ ಅವನ ಹೆಂಡತಿ, ಜಡ್ಜ್ ಡಾರ್ಲೀನ್, ಕೋರ್ಟಿನಿಂದ ಬಂದಳು. ಡಬ್ಬಿ ನೋಡಿದವಳೇ, ಯಾರು ತಂದರು, ಯಾರ ಹೆಸರು ಹೇಳಿದರು ಎಂದು ಕೇಳಿದಳು. ಆಮೇಲೆ ಕೋಟನ್ನೂ ಬಿಚ್ಚದೆ ಕೋರ್ಟಿನ ಭದ್ರತೆ ನೋಡಿಕೊಳ್ಳುವ ಮಾರ್ಷಲ್ ಕಚೇರಿಗೆ ಫೋನ್ ಮಾಡಿದಳು. ಬೇರೆ ಊರುಗಳ ಕೆಲವು ಜಡ್ಜುಗಳ ಮನೆಗೂ ಹೀಗೇ ಬಂದಿತ್ತಂತೆ. ನಿಮ್ಮ ಮನೆ ಎಲ್ಲಿದೆ ಅಂತ ನಮಗೆ ಗೊತ್ತು ಎಂದು ತಿಳಿಸುವ ಬಗೆ ಅದು. ಲೆಂಪಿ ಮಗಳ ಮುಖ ನೋಡಿ, ಎತ್ತಿಕೊಂಡಿದ್ದ ಚೂರನ್ನು ಡಬ್ಬಿಗೆ ವಾಪಸಿಟ್ಟಳು.

ಮರುದಿನದಿಂದ ಮನೆಯ ಮುಂದೆ ಕಪ್ಪು ಕಾರೊಂದು ನಿಂತಿತು. ಅದರೊಳಗೆ ಪಡೀಯಾ ಎಂಬ ಮಾರ್ಷಲ್ ಹೆಂಗಸು. ನ್ಯೂ ಮೆಕ್ಸಿಕೋದಿಂದ ಬಂದವಳು. ಸುಪೀರಿಯರ್ ಸರೋವರದ ಗಾಳಿ ಅಭ್ಯಾಸವಿಲ್ಲದೆ ಇಡೀ ದಿನ ಎಂಜಿನ್ ಚಾಲೂ ಇಟ್ಟುಕೊಂಡು ಕೂರುತ್ತಿದ್ದಳು. ಸರ್ಕಾರದ ಪೆಟ್ರೋಲು ಹೀಗೆ ಸುಡುತ್ತಾರಲ್ಲ ಎಂದು ಲೆಂಪಿ ಮೊದಲ ದಿನ ಗೊಣಗಿದಳು. ಎರಡನೇ ದಿನ ಏಲಕ್ಕಿ ಹಾಕಿದ ತನ್ನ ಸಿಹಿ ರೊಟ್ಟಿಯನ್ನು ಎಮಿಲ್ ಕೈಯಲ್ಲಿ ಕಾರಿಗೆ ಕಳಿಸಿದಳು.

ಇದೆಲ್ಲಕ್ಕೂ ಕಾರಣ ಡಾರ್ಲೀನ್ ಕೊಟ್ಟ ಒಂದು ಆದೇಶ. ಊರಿನ ಮೇಲ್ಗಡೆ, ನದಿ ಹುಟ್ಟುವ ಜಾಗದಲ್ಲಿ ತಾಮ್ರದ ಹೊಸ ಗಣಿ ತೆರೆಯುವುದಿತ್ತು. ಆ ನದಿಯಲ್ಲಿ ಮೀನು ಹಿಡಿಯುವ ಹಕ್ಕು ಹಳೆಯ ಒಪ್ಪಂದದಿಂದ ತಮ್ಮದೆಂದು ಓಜಿಬ್ವೆ ಬುಡಕಟ್ಟಿನವರು ದಾವೆ ಹೂಡಿದ್ದರು. ನೀರಿನ ಪರೀಕ್ಷೆ ಸರಿಯಾಗಿ ಆಗಿಲ್ಲ, ಅದು ಮತ್ತೆ ಆಗುವ ತನಕ ಒಂದು ಗುದ್ದಲಿಯೂ ಬೀಳಕೂಡದು ಎಂದು ಡಾರ್ಲೀನ್ ಬರೆದಳು. ಗಣಿ ಕಂಪನಿ ಆಳು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಕೆಲಸಕ್ಕೆಂದು ಹೆಸರು ಕೊಟ್ಟು ಕಾದವರು ಬಹಳ ಜನ. ಊರಿನವಳೇ ಊರಿನ ಹೊಟ್ಟೆ ಮೇಲೆ ಹೊಡೆದಳು ಎಂಬ ಮಾತು ಹುಟ್ಟಿತು.

ಅವಳು ಊರಿನವಳೇ ಹೌದು. ಅಪ್ಪ ಕಬ್ಬಿಣದ ಗಣಿಯಲ್ಲಿ ದುಡಿದು, ಎದೆಯಲ್ಲಿ ದೂಳು ತುಂಬಿಕೊಂಡು ಸತ್ತವನು. ಡಾರ್ಲೀನ್ ಡೆಟ್ರಾಯಿಟಿಗೆ ಹೋಗಿ ಹಗಲು ಟೈಪು ಮಾಡಿ, ಸಂಜೆ ಕಾನೂನು ಓದಿದಳು. ಸರ್ಕಾರಿ ವಕೀಲಳಾದಳು, ಕೌಂಟಿಯ ಜಡ್ಜಾದಳು. ಕೊನೆಗೆ ವಾಷಿಂಗ್ಟನ್ನಿನಲ್ಲಿ ಸೆನೆಟಿನವರ ಮುಂದೆ ಕೂತು, ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ, ಫೆಡರಲ್ ಜಡ್ಜಾಗಿ ಬಂದಳು. ಪ್ರಮಾಣವಚನದ ದಿನ ಬೈಬಲ್ ಹಿಡಿದವಳು ಲೆಂಪಿ. ಜೀವ ಇರುವ ತನಕ ಯಾರೂ ತೆಗೆಯಲಾಗದ ಕೆಲಸ ಎಂದು ತಿಳಿದು ಅವಳು ಊರೆಲ್ಲ ಹೇಳಿಕೊಂಡು ಬಂದಿದ್ದಳು. ಗಣಿಯವರ ಮನೆಯಲ್ಲಿ ಅಂಥ ಕೆಲಸದ ಸುದ್ದಿಯನ್ನು ಯಾರೂ ಕೇಳಿರಲಿಲ್ಲ.

ಜಡ್ಜಾದ ಮೇಲೆ ಡಾರ್ಲೀನ್ ಒಂದು ನೇಮ ಮಾಡಿದ್ದಳು. ಕೋರ್ಟಿನ ಯಾವ ವಿಷಯವೂ ಊಟದ ಮೇಜಿಗೆ ಬರಬಾರದು. ಹೈಸ್ಕೂಲಿನಲ್ಲಿ ಮರಗೆಲಸ ಕಲಿಸಿ ನಿವೃತ್ತನಾಗಿದ್ದ ಎಮಿಲ್‌ಗೆ ಅದು ಕಷ್ಟವಾಗಿರಲಿಲ್ಲ. ಈಗ ಮಾತ್ರ ಆಯಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ಅವನು ಕಾಲಿಟ್ಟರೆ ಹರಟೆ ನಿಂತುಹೋಗುತ್ತಿತ್ತು. ಚರ್ಚಿನ ಅಡುಗೆಮನೆಗೆ ಅವನು ಕಪಾಟು ಮಾಡಿಕೊಡುವುದಿತ್ತು. ಸದ್ಯಕ್ಕೆ ಬೇಡ ಎಂದು ಯಾರೋ ನಯವಾಗಿ ಹೇಳಿಕಳಿಸಿದರು. ಗುರುವಾರ ಗುರುವಾರ ಲೆಂಪಿಯ ಜೊತೆ ಇಸ್ಪೀಟು ಆಡಲು ಬರುತ್ತಿದ್ದ ಮುದುಕಿಯರಲ್ಲಿ ಒಬ್ಬಳಿಗೆ ನೆಗಡಿ, ಇನ್ನೊಬ್ಬಳಿಗೆ ಮಂಡಿನೋವು, ಮೂರನೆಯವಳು ನೆಪವನ್ನೂ ಹೇಳಲಿಲ್ಲ.

ಒಂದು ದಿನ ಪಾತ್ರೆ ಒರೆಸುತ್ತಾ ಎಮಿಲ್ ತಡೆಯಲಾರದೆ ಕೇಳಿಯೇಬಿಟ್ಟ. ಆ ಗಣಿಯನ್ನು ಅಷ್ಟು ಬಿಗಿಯಾಗಿ ನಿಲ್ಲಿಸುವ ಅಗತ್ಯ ಇತ್ತಾ ಎಂದ.

"ಆದೇಶದಲ್ಲಿ ಎಲ್ಲಾ ಬರೆದಿದೀನಿ ಎಮಿಲ್, ಓದು," ಎಂದಳು ಡಾರ್ಲೀನ್. "ಅರವತ್ತು ಪುಟ ಇದೆ."

"ಕಟ್ಟಿಕೊಂಡ ಹೆಂಡ್ತಿ ಜೊತೆ ಮಾತಾಡೋಕೆ ಅರವತ್ತು ಪುಟ ಓದಬೇಕಾ?"

"ಆ ವಿಷಯ ಮಾತಾಡೋಕೆ ಹೌದು."

ಮೇಲಿನ ಕೋರ್ಟಿಗೆ ಅಪೀಲು ಹೋಗಿದೆ, ಬಾಯಿಬಿಟ್ಟು ಏನೂ ಹೇಳುವ ಹಾಗಿಲ್ಲ ಎಂದಳು. ಎಮಿಲ್ ಬಟ್ಟೆ ಕೊಡವಿ ಹಾಕಿ ಸೌದೆ ತರಲು ಹೊರಗೆ ಹೋದ. ಸೌದೆಪೆಟ್ಟಿಗೆ ಆಗಲೇ ತುಂಬಿತ್ತು.

ಕೆಲಸಕ್ಕೆ ಕಾದವರಲ್ಲಿ ಮನೆಯವನೇ ಒಬ್ಬನಿದ್ದ. ವೇಡ್, ಡಾರ್ಲೀನ್‌ಳ ತಮ್ಮನ ಮಗ. ಕಾಡಿನಲ್ಲಿ ಮರ ಬಿದ್ದು ಅಪ್ಪ ಸತ್ತ ಮೇಲೆ ಹೈಸ್ಕೂಲು ಮುಗಿಯುವ ತನಕ ಈ ಮನೆಯ ಮೇಲಿನ ಕೋಣೆಯಲ್ಲೇ ಇದ್ದವನು. ಈಗ ಇಪ್ಪತ್ತೇಳು. ಗಣಿ ತೆರೆಯುತ್ತದೆ ಎಂಬ ಸುದ್ದಿ ನಂಬಿ ಗ್ರೀನ್ ಬೇ ನಗರದಲ್ಲಿದ್ದ ಕೆಲಸ ಬಿಟ್ಟು ಊರಿಗೆ ಬಂದಿದ್ದ. ಗಣಿ ಕೆಲಸಕ್ಕೆ ಕಾಯುವ ನೆಂಟರು ತನಗಿದ್ದಾರೆ ಎಂದು ಡಾರ್ಲೀನ್ ಮೊದಲೇ ಎರಡೂ ಕಡೆಯ ವಕೀಲರಿಗೆ ತುಂಬಿದ ಕೋರ್ಟಿನಲ್ಲಿ ತಿಳಿಸಿದ್ದಳು. ಯಾರೂ ತಕರಾರು ಎತ್ತಿರಲಿಲ್ಲ. ಆದೇಶ ಬಂದ ಮೇಲೂ ವೇಡ್ ಭಾನುವಾರದ ಊಟಕ್ಕೆ ಬರುತ್ತಿದ್ದ. ಮಾತು ಮಾತ್ರ ಕಡಿಮೆಯಾಗಿತ್ತು.

ಫೋನು ಬಂದದ್ದು ಆ ದಿನಗಳಲ್ಲೇ. ಅಡುಗೆಮನೆಯ ಗೋಡೆಯ ಹಳೇ ಫೋನಿಗೆ. ಮೊದಲ ಸಲ ಲೆಂಪಿ ಎತ್ತಿದಳು. ಅವಳು ಹಲೋ ಎಂದದ್ದೇ ತಡ, ಆ ಕಡೆಯವರು ಇಟ್ಟುಬಿಟ್ಟರು. ಎರಡನೇ ಸಲ ಮನೆಯಲ್ಲಿ ಯಾರೂ ಇರಲಿಲ್ಲ, ಫೋನಿನ ಜೊತೆಗಿದ್ದ ರೆಕಾರ್ಡಿಂಗ್ ಯಂತ್ರದಲ್ಲಿ ದನಿ ಉಳಿಯಿತು. ಪಡೀಯಾ ಅದನ್ನು ಮೇಜಿನ ಮೇಲಿಟ್ಟು ಮೂವರಿಗೂ ಕೇಳಿಸಿದಳು. ಬಾಯಿಗೆ ಬಟ್ಟೆ ಅಡ್ಡ ಹಿಡಿದು ಆಡಿದ ಮಾತು.

"ಜಡ್ಜಮ್ಮಾ, ನಿನ್ನ ಮನೆ ಮರದ್ದು. ಮರ ಚೆನ್ನಾಗಿ ಉರಿಯುತ್ತೆ. ಜನರ ಬಾಯಿಗೆ ಬಂದ ತುತ್ತು ಕಿತ್ಕೊಂಡು ನೀನು ಬೆಚ್ಚಗೆ ಮಲಗ್ತೀಯ, ಅಲ್ವಾ?"

ಡಾರ್ಲೀನ್ ಮೇಜಿನ ಅಂಚು ಹಿಡಿದುಕೊಂಡೇ ಕೇಳಿಸಿಕೊಂಡಳು. ಗುರುತಿನ ದನಿಯಾ ಎಂದು ಪಡೀಯಾ ವಿಚಾರಿಸಿದಳು. ಗಂಡಹೆಂಡಿರಿಬ್ಬರೂ ಇಲ್ಲವೆಂದರು. ಲೆಂಪಿ ಇನ್ನೊಂದು ಸಲ ಹಾಕು ಎಂದು ಹಾಕಿಸಿಕೊಂಡಳು. ಆಮೇಲೆ, ಮೂಗಿನಲ್ಲಿ ಮಾತಾಡ್ತಾನೆ, ಯಾರೋ ಗೊತ್ತಾಗಲ್ಲ ಎಂದು ಎದ್ದು ತನ್ನ ಕೋಣೆಗೆ ಹೋದಳು. ಮಾರನೇ ದಿನದಿಂದ ಅವಳು ಬೀದಿ ಕಡೆಯ ಕಿಟಕಿಯ ಪಕ್ಕ ಕೂರುವುದನ್ನು ಬಿಟ್ಟಳು. ಗಂಜಿ ಅರ್ಧಕ್ಕೇ ಬಿಡತೊಡಗಿದಳು. ವಯಸ್ಸಾದವರಿಗೆ ಹೆದರಿಕೆ ಸಹಜ ಎಂದು ಎಮಿಲ್ ಅಂದುಕೊಂಡ.

ಆ ಭಾನುವಾರ ವೇಡ್ ಬರಲಿಲ್ಲ. ಮುಂದಿನ ಭಾನುವಾರ ಬಂದ. ಎಮಿಲ್ ಸರೋವರದ ಬಿಳಿಮೀನು ಹುರಿದಿದ್ದ. ಬಡಿಸುವ ಕೆಲಸ ಯಾವಾಗಲೂ ಲೆಂಪಿಯದು. ಗರಿಗರಿಯಾದ ಬಾಲದ ತುಂಡು ಮೊಮ್ಮಗನಿಗೆ ಎಂಬುದು ಆ ಮನೆಯಲ್ಲಿ ಹೇಳದೆಯೇ ನಡೆಯುತ್ತಿದ್ದ ಪದ್ಧತಿ. ಅಂದು ಅವಳು ಅಳಿಯನಿಗೆ ಬಡಿಸಿದಳು, ಮಗಳಿಗೆ ಬಡಿಸಿದಳು, ತನಗೆ ಹಾಕಿಕೊಂಡಳು, ಪಾತ್ರೆಯನ್ನು ಮೇಜಿನ ಆಚೆ ತುದಿಗೆ ತಳ್ಳಿ ತಿನ್ನಲು ಶುರುಮಾಡಿದಳು. ವೇಡ್ ಸ್ವಲ್ಪ ಹೊತ್ತು ಖಾಲಿ ತಟ್ಟೆ ನೋಡುತ್ತಾ ಕೂತ. ಆಮೇಲೆ ಎದ್ದು ಕೈಚಾಚಿ ತಾನೇ ಹಾಕಿಕೊಂಡ. ಎಮಿಲ್‌ಗೆ ಇದರಲ್ಲಿ ಏನೂ ಕಾಣಲಿಲ್ಲ. ಆದರೆ ಡಾರ್ಲೀನ್‌ಳ ಫೋರ್ಕು ನಿಂತಿತ್ತು. ಅವಳು ವೇಡ್‌ನ ಕಡೆ ನೋಡುತ್ತಿರಲಿಲ್ಲ, ಅಮ್ಮನ ಕಡೆ ನೋಡುತ್ತಿದ್ದಳು. ಸಾಕ್ಷಿಗಳ ಮುಖ ನೋಡಿ ನೋಡಿ ಪಳಗಿದ ಕಣ್ಣು.

ಊಟವಾದ ಮೇಲೆ ವೇಡ್ ಹೊರಗೆ ಮೆಟ್ಟಿಲ ಮೇಲಿನ ಹಿಮ ಕೆರೆಯಲು ಹೋದ. ಎಮಿಲ್ ತೊಳೆಯುತ್ತಿದ್ದ, ಲೆಂಪಿ ಒರೆಸುತ್ತಿದ್ದಳು. ಡಾರ್ಲೀನ್ ಒಳಗೆ ಬಂದು ಬಾಗಿಲು ಎಳೆದುಕೊಂಡಳು.

"ಅಮ್ಮಾ, ವೇಡ್ ಮೇಲೆ ಯಾಕೆ ಕೋಪ?"

"ಕೋಪ ಎಲ್ಲಿಂದ ಬಂತು? ಕೈ ನೋಯ್ತಿತ್ತು."

"ನಮಗೆಲ್ಲ ಬಡಿಸಿದ್ದೂ ಅದೇ ಕೈ."

ಲೆಂಪಿ ಒಣಗಿದ ತಟ್ಟೆಯನ್ನೇ ಒರೆಸುತ್ತಿದ್ದಳು.

"ಆ ದನೀನ ಎರಡನೇ ಸಲ ಹಾಕಿಸ್ಕೊಂಡೆಯಲ್ಲ," ಎಂದಳು ಡಾರ್ಲೀನ್, "ಗುರುತು ಸಿಗಲಿಲ್ಲ ಅಂತಾನಾ, ಸಿಕ್ತು ಅಂತಾನಾ?"

"ನಾನೇನು ನಿನ್ನ ಕೋರ್ಟಲ್ಲಿ ನಿಂತಿದೀನಾ?"

"ಇಲ್ಲಮ್ಮ. ಅಡುಗೆಮನೇಲಿ ನಿಂತಿದೀಯ. ಅದಕ್ಕೇ ಕೇಳ್ತಿದೀನಿ."

ಲೆಂಪಿ ತಟ್ಟೆ ಕೆಳಗಿಟ್ಟಳು. "ಅವನನ್ನ ಎತ್ತಿ ಆಡಿಸಿದವಳು ನಾನು. ಬಟ್ಟೆ ಅಲ್ಲ, ಬಾಯಿಗೆ ಗೋಣಿಚೀಲ ತುರುಕಿಕೊಂಡ್ರೂ ನನಗೆ ಗೊತ್ತಾಗುತ್ತೆ. ನನ್ನ ದನಿ ಕೇಳಿ ಅವತ್ತು ಫೋನ್ ಇಟ್ಟನಲ್ಲ, ಆಗಲೇ ಅನುಮಾನ ಬಂತು. ಮುಂಡೇದು, ಅಜ್ಜಿಗೆ ಕೇಳಿಸಬಾರದು ಅನ್ನೋ ನಾಚಿಕೆ ಮಾತ್ರ ಇತ್ತು."

ಎಮಿಲ್ ನಲ್ಲಿಯ ನೀರು ನಿಲ್ಲಿಸಿದ. ಹಿಂಬಾಗಿಲಲ್ಲಿ ವೇಡ್ ಸಲಿಕೆ ಹಿಡಿದು ನಿಂತಿದ್ದ. ಎಷ್ಟು ಕೇಳಿಸಿಕೊಂಡಿದ್ದನೋ, ಮುಖ ಸುಣ್ಣದ ಹಾಗಾಗಿತ್ತು.

"ಡಾರ್ಲೀನ್ ಅತ್ತೆ, ಅವತ್ತು ನಾನು—"

"ಸಾಕು." ಡಾರ್ಲೀನ್ ಅಂಗೈ ಎತ್ತಿ ತಡೆದಳು. "ಒಂದು ಮಾತೂ ಆಡಬೇಡ. ನನ್ನ ಹತ್ರ ಬೇಡ, ಇವರ ಹತ್ರಾನೂ ಬೇಡ. ಮೊದಲು ಒಬ್ಬ ವಕೀಲನ್ನ ಹಿಡಿ. ಅವನ ಜೊತೆ ನೀನೇ ಹೋಗಿ ಮಾರ್ಷಲ್ ಮುಂದೆ ನಿಂತ್ಕೊ. ನಾಳೆ ಮಧ್ಯಾಹ್ನದ ತನಕ ನೋಡ್ತೀನಿ. ಆಮೇಲೆ ನಾನು ಹೇಳ್ಲೇಬೇಕಾಗುತ್ತೆ."

"ಅತ್ತೆ, ಒಂದೇ ನಿಮಿಷ ಕೇಳಿ."

"ಮನೆಗೆ ಹೋಗು ವೇಡ್."

ಅವನು ಅಜ್ಜಿಯ ಕಡೆ ತಿರುಗಿ, ಇಲ್ಲಿಯವರು ಅಜ್ಜಿಯನ್ನು ಕರೆಯುವ ಹಾಗೆ "ಮುಮ್ಮು" ಎಂದ. ಅವಳು ತಲೆ ಎತ್ತಲಿಲ್ಲ. ಸಲಿಕೆಯನ್ನು ಗೋಡೆಗೆ ಒರಗಿಸಿ ಅವನು ಹೋದ ಮೇಲೆ ಮುದುಕಿ ಮಗಳ ಮೇಲೆ ಹರಿಹಾಯ್ದಳು. ಹುಡುಗ ತಪ್ಪೊಪ್ಪಿಕೊಳ್ಳಲು ಬಂದರೆ ಬಾಯಿ ಮುಚ್ಚಿಸಿದೆಯಲ್ಲ, ಕ್ಷಮೆ ಕೇಳುವುದಕ್ಕೂ ವಕೀಲ ಬೇಕಾ, ನಿನ್ನ ಎದೆಯಲ್ಲಿ ಇರುವುದು ಮಾಂಸವೋ ಕಾಗದವೋ ಎಂದು ಕೇಳಿದಳು. ಗುರುತು ಹಿಡಿದು ಹೇಳಿದವಳು ತಾನೇ ಎಂಬ ಸಂಕಟವೂ ಆ ಕೂಗಿನಲ್ಲಿತ್ತು. ಡಾರ್ಲೀನ್ ಅಮ್ಮ ಒರೆಸಿದ ತಟ್ಟೆಗಳನ್ನು ಕಪಾಟಿಗೆ ಸೇರಿಸಿದಳು. ಎಮಿಲ್‌ಗೂ ಅಂದು ಹೆಂಡತಿ ಕಲ್ಲಿನಂತೆ ಕಂಡಳು.

ಸೋಮವಾರ ಅವಳು ಕೋರ್ಟಿಗೆ ರಜೆ ಹಾಕಿ ಮನೆಯಲ್ಲೇ ಕೂತಳು. ಎಮಿಲ್ ಸೂಪು ಮಾಡಿದ, ಯಾರೂ ಮುಟ್ಟಲಿಲ್ಲ. ವೇಡ್‌ನ ಫೋನಿಗೆ ಎಮಿಲ್ ಮತ್ತೆ ಮತ್ತೆ ಪ್ರಯತ್ನಿಸಿದ. ಲೆಂಪಿ ತನ್ನ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. ಮಧ್ಯಾಹ್ನ ಕಳೆಯಿತು. ಇನ್ನೊಂದು ಗಂಟೆ ನೋಡೋಣ ಎಂದು ಎಮಿಲ್ ಕೇಳಿಕೊಂಡ. ಡಾರ್ಲೀನ್ ನೋಡಿದಳು. ಆ ಗಂಟೆಯೂ ಮುಗಿದ ಮೇಲೆ ಎದ್ದು, ಕೋಟೂ ಹಾಕಿಕೊಳ್ಳದೆ, ಮನೆಯೊಳಗಿನ ಚಪ್ಪಲಿಯಲ್ಲೇ ಹಿಮ ತುಳಿದುಕೊಂಡು ಕಪ್ಪು ಕಾರಿನವರೆಗೆ ನಡೆದು ಹೋದಳು. ಪಡೀಯಾ ಗಾಜು ಇಳಿಸಿದ್ದನ್ನು, ಡಾರ್ಲೀನ್ ಬಾಗಿ ಏನೋ ಹೇಳಿದ್ದನ್ನು ಎಮಿಲ್ ಮತ್ತು ಲೆಂಪಿ ಕಿಟಕಿಯಿಂದ ನೋಡಿದರು. ವೇಡ್ ಸಂಜೆಯೊಳಗೆ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿದ. ಓಡಿಹೋಗುವವನ ಹಾಗೆ ಇರಲಿಲ್ಲ, ಎತ್ತ ಹೋಗುವುದೆಂದು ಗೊತ್ತಾಗದೆ ಕೂತಿದ್ದ ಎಂದು ಪಡೀಯಾ ಆಮೇಲೆ ಹೇಳಿದಳು. ಪಿಜ್ಜಾ ಕಳಿಸಿದವನು ಅವನಲ್ಲ. ಅದು ಯಾರೆಂದು ಕೊನೆಗೂ ತಿಳಿಯಲಿಲ್ಲ.

ಅಂದಿನಿಂದ ಲೆಂಪಿ ಮಗಳ ಜೊತೆ ಮಾತು ಬಿಟ್ಟಳು. ತನ್ನ ಗಂಜಿಯನ್ನು ತಾನೇ ಕಾಯಿಸಿಕೊಂಡು ಕೋಣೆಯಲ್ಲಿ ಕುಡಿಯುತ್ತಿದ್ದಳು. ಹೇಳಬೇಕಾದದ್ದನ್ನು ಅಳಿಯನ ಮೂಲಕ ಹೇಳಿಸುತ್ತಿದ್ದಳು. ಕಾಫಿಪುಡಿ ಮುಗಿದಿದೆ ಅಂತ ಅವಳಿಗೆ ಹೇಳು ಎನ್ನುವಳು. ಡಾರ್ಲೀನ್ ಎರಡು ಮಾರು ದೂರದಲ್ಲೇ ನಿಂತಿರುತ್ತಿದ್ದಳು. ಎಮಿಲ್ ಮೊದಮೊದಲು ಹಾಗೇ ತಿರುಗಿ ಹೆಂಡತಿಗೆ ಹೇಳುತ್ತಿದ್ದ, ಆಮೇಲೆ ಬೇಸತ್ತು ತಾನೇ ಹೋಗಿ ಕಾಫಿಪುಡಿ ತರುತ್ತಿದ್ದ.

ವೇಡ್‌ನ ವಕೀಲ ಒಮ್ಮೆ ಎಮಿಲ್‌ನನ್ನು ಕಾಣಲು ಬಂದ. ಆ ಭಾನುವಾರ ಅಡುಗೆಮನೆಯಲ್ಲಿ ವೇಡ್ ಏನಾದರೂ ಬಾಯಿಬಿಟ್ಟಿದ್ದನೇ ಎಂದು ಕೇಳಿದ. ಇಲ್ಲ, ಹೆಂಡತಿ ಬಿಡಲಿಲ್ಲ ಎಂದ ಎಮಿಲ್. ವಕೀಲ ನಿಟ್ಟುಸಿರು ಬಿಟ್ಟು, ಬಿಟ್ಟಿದ್ದರೆ ನೀವು ಮೂವರೂ ಅವನ ವಿರುದ್ಧ ಸಾಕ್ಷಿ ಕಟ್ಟೆ ಹತ್ತಬೇಕಾಗುತ್ತಿತ್ತು ಎಂದ. ಎಮಿಲ್ ಅದನ್ನು ಅತ್ತೆಗೆ ಹೇಳಿದ. ಅವಳು ಕೇಳಿಸಿಕೊಂಡಳು. ಅಷ್ಟು ಬುದ್ಧಿ ಇದ್ದವಳು ಕಾರಿನ ತನಕ ನಡೆಯದೆ ಇರುವ ಬುದ್ಧಿಯನ್ನೂ ಇಟ್ಟುಕೊಳ್ಳಬಹುದಿತ್ತು ಎಂದಳು.

ಚಳಿಗಾಲ ಕಳೆಯುವಷ್ಟರಲ್ಲಿ ಮೇಲಿನ ಕೋರ್ಟು ಡಾರ್ಲೀನ್‌ಳ ಆದೇಶದ ಅರ್ಧವನ್ನು ಉಳಿಸಿ ಅರ್ಧವನ್ನು ತೆಗೆದುಹಾಕಿತು. ನದಿಯ ಬದಿ ಬಿಟ್ಟು ಗುಡ್ಡದ ಆಚೆ ಮಗ್ಗುಲಲ್ಲಿ ಗಣಿ ಶುರುವಾಗಬಹುದು ಎಂದಿತು. ಕಂಪನಿ ಮತ್ತೆ ಆಳು ತೆಗೆದುಕೊಳ್ಳತೊಡಗಿತು. ಹಾರ್ಡ್‌ವೇರ್ ಅಂಗಡಿಯವನು ಎಮಿಲ್‌ಗೆ ನಮಸ್ಕಾರ ಹೇಳಿದ. ಕಪ್ಪು ಕಾರು ಹೊರಟುಹೋಯಿತು. ವೇಡ್ ತಪ್ಪೊಪ್ಪಿಕೊಂಡು, ಕೌಂಟಿ ಜೈಲಿನಲ್ಲಿ ಶಿಕ್ಷೆಯ ದಿನ ಕಾಯುತ್ತಿದ್ದ.

ಶಿಕ್ಷೆ ವಿಧಿಸಲು ಬೇರೆ ರಾಜ್ಯದಿಂದ ವಯಸ್ಸಾದ ಜಡ್ಜೊಬ್ಬರು ಬಂದರು. ಡಾರ್ಲೀನ್‌ಳ ಸಹೋದ್ಯೋಗಿಗಳು ಯಾರೂ ಈ ಪ್ರಕರಣ ಮುಟ್ಟುವಂತಿರಲಿಲ್ಲ. ಕಟ್ಟಡ ಮಾತ್ರ ಅದೇ. ಡಾರ್ಲೀನ್ ಅಭ್ಯಾಸಬಲದಿಂದ ಜಡ್ಜುಗಳ ಬಾಗಿಲಿನ ಕಡೆ ಹೊರಟುಬಿಟ್ಟಿದ್ದಳು, ಎಮಿಲ್ ತೋಳು ಹಿಡಿದು ಜನರ ಬಾಗಿಲಿಗೆ ತಿರುಗಿಸಿದ. ಮೂವರೂ ಒಂದೇ ಬೆಂಚಿನಲ್ಲಿ ಕೂತರು, ಎಮಿಲ್ ನಡುವೆ. ವೇಡ್ ಕಿತ್ತಳೆ ಬಟ್ಟೆಯಲ್ಲಿ ಬಂದ. ತೆಳ್ಳಗಾಗಿದ್ದ.

ನೊಂದವರು ಏನಾದರೂ ಹೇಳುವುದಿದೆಯೇ ಎಂದು ಆ ಜಡ್ಜ್ ಕೇಳಿದಾಗ ಡಾರ್ಲೀನ್ ಎದ್ದಳು. ಎಷ್ಟೋ ವರ್ಷ ಮೇಲಿನಿಂದ ನೋಡಿದ ಜಾಗದಲ್ಲಿ ನಿಂತಳು. ಕೈಯಲ್ಲಿ ಏನೂ ಬರೆದುಕೊಂಡಿರಲಿಲ್ಲ.

"ಆ ಫೋನ್ ಬಂದಾಗಿಂದ ನನ್ನ ತಾಯಿ ಕಿಟಕಿ ಪಕ್ಕ ಕೂರೋದು ಬಿಟ್ಟರು," ಎಂದಳು. "ನನಗೂ ಭಯ ಆಯ್ತು. ಮನೆ ಕಟ್ಟಿದ್ದು ನನ್ನ ಗಂಡ, ಮರದ್ದೇ. ಇದನ್ನ ಮಾಡಿದವನು ನನ್ನ ತಮ್ಮನ ಮಗ. ಇವನು ಹೊರಗೆ ಬಂದ ದಿನ ನಮ್ಮನೇ ಮೇಲಿನ ಕೋಣೆ ಇವನಿಗೆ ಖಾಲಿ ಇರುತ್ತೆ. ಬರಬಾರದು ಅಂತ ಕೋರ್ಟು ತಡೆಯೋದು ಬೇಡ. ಎಷ್ಟು ದಿನ ಒಳಗಿಡಬೇಕು ಅನ್ನೋದನ್ನ ನಾನು ಹೇಳೋದಿಲ್ಲ. ಅದು ನಿಮ್ಮ ಕೆಲಸ. ಎಂಥ ಕೆಲಸ ಅಂತ ನನಗೆ ಗೊತ್ತು."

ವೇಡ್ ತಲೆ ತಗ್ಗಿಸಿ ಅತ್ತ. ಲೆಂಪಿ ಅಳಲಿಲ್ಲ. ಕೋಲಿನ ಮೇಲೆ ಎರಡೂ ಕೈಯಿಟ್ಟು ಮಗಳ ಬೆನ್ನನ್ನೇ ನೋಡುತ್ತಿದ್ದಳು. ಜಡ್ಜ್ ತುಂಬಾ ಹೊತ್ತು ಏನೋ ಬರೆದು, ಒಂದು ವರ್ಷ ಮತ್ತು ಒಂದು ದಿನ ಎಂದರು.

ವಾಪಸು ಬರುವಾಗ ಎಮಿಲ್ ಕಾರು ನಡೆಸುತ್ತಿದ್ದ. ಲೆಂಪಿ ಹಿಂದಿನ ಸೀಟಿನಲ್ಲಿ. ಸರೋವರದ ಮೇಲೆ ಹಿಮಗಡ್ಡೆ ಒಡೆದು ದಂಡೆಗೆ ಬಂದು ಬಿದ್ದಿತ್ತು. ಕಾರು ಊರು ದಾಟಿತು.

"ಎಮಿಲ್," ಎಂದಳು ಲೆಂಪಿ. "ವರ್ಷ ಅಂದಮೇಲೆ ಆಯ್ತಲ್ಲ. ಮೇಲೆ ಆ ಒಂದು ದಿನ ಯಾಕೆ? ಅಷ್ಟು ಹಗೆ ಏನಿತ್ತು ಆ ಮುದುಕನಿಗೆ ನಮ್ಮ ಮೇಲೆ? ಅವಳನ್ನ ಕೇಳು."

ಎಮಿಲ್ ಕೇಳುವ ಮೊದಲೇ ಡಾರ್ಲೀನ್ ಹಿಂದಕ್ಕೆ ತಿರುಗಿ ಕೂತಳು.

"ಹಗೆ ಅಲ್ಲಮ್ಮ. ಶಿಕ್ಷೆ ಒಂದು ವರ್ಷ ದಾಟಿದ್ರೆ ಮಾತ್ರ ಒಳ್ಳೇ ನಡತೆಗೆ ದಿನ ಕಳೀತಾರೆ. ಬರೀ ವರ್ಷ ಅಂದಿದ್ರೆ ವರ್ಷ ಪೂರ್ತಿ ಕೂರಬೇಕಿತ್ತು. ಆ ಒಂದು ದಿನ ಸೇರಿಸಿದ್ದಕ್ಕೆ ಅವನು ಬೇಗ ಬರ್ತಾನೆ. ಜೈಲಲ್ಲಿ ಈಗಾಗಲೇ ಕೂತಿದ್ದೂ ಲೆಕ್ಕಕ್ಕೆ ಬರುತ್ತೆ. ಹಿಮ ಬೀಳೋಕೆ ಮುಂಚೆ ಮನೇಲಿರ್ತಾನೆ."

ಲೆಂಪಿ ಬೆರಳು ಮಡಚಿ ತಿಂಗಳುಗಳನ್ನು ಎಣಿಸಿದಳು. ರಸ್ತೆ ಸರೋವರ ಬಿಟ್ಟು ಕಾಡಿಗೆ ಹೊರಳಿತು.

"ನೀನು ಎಷ್ಟು ಜನಕ್ಕೆ ಆ ಒಂದು ದಿನ ಕೊಟ್ಟಿದೀಯ?" ಎಂದು ಕೇಳಿದಳು. ಈ ಸಲ ಮಗಳನ್ನೇ ಕೇಳಿದಳು.

"ಕೆಲವರಿಗೆ."

"ಇನ್ನೂ ಸ್ವಲ್ಪ ಜನಕ್ಕೆ ಕೊಡಬಹುದಿತ್ತು."

ಎಮಿಲ್ ಓರೆಗಣ್ಣಿನಿಂದ ಹೆಂಡತಿಯ ಮುಖ ನೋಡಿದ. ಅದು ಕೋರ್ಟಿನ ಮಾತು, ಉತ್ತರ ಬರುವುದಿಲ್ಲ ಎಂದುಕೊಂಡ. ಡಾರ್ಲೀನ್ ಮುಂದಕ್ಕೆ ತಿರುಗಿ ಕೂತು ಬೆಲ್ಟನ್ನು ಸರಿಮಾಡಿಕೊಂಡಳು.

"ಹೌದಮ್ಮ," ಎಂದಳು. "ಕೊಡಬಹುದಿತ್ತು."